ಗಿಟಾರ್ ತಂತಿಯ ‘ಝರ್’ ಸದ್ದು: ಕಾರಣ ಹುಡುಕುವ ಬಗೆ, ಸರಿಪಡಿಸುವ ಕ್ರಮ

ಮುಂಗಾರು ಹಿಡಿದು ಎರಡು ಮೂರು ವಾರ ಕಳೆಯುವಷ್ಟರಲ್ಲಿ ನಮ್ಮ ಜಿಲ್ಲೆಯ ಗಿಟಾರ್ ವಾದಕರಿಂದ ಒಂದೇ ರೀತಿಯ ದೂರು ಕೇಳಿಬರುತ್ತದೆ. ಮೇ ತಿಂಗಳಲ್ಲಿ ಚೆನ್ನಾಗಿ ನುಡಿಯುತ್ತಿದ್ದ ಎಲೆಕ್ಟ್ರಿಕ್ ಗಿಟಾರ್ ಈಗ ಕೆಲವು ಸ್ವರಗಳಲ್ಲಿ ‘ಝರ್’ ಎನ್ನುತ್ತದೆ. ಸ್ವರ ಬೇಗ ಸತ್ತುಹೋಗುತ್ತದೆ. ಗಿಟಾರ್ ಕೆಟ್ಟಿದೆ, ಬದಲಾಯಿಸು ಎನ್ನುವವರು ಸಿಗುತ್ತಾರೆ. ಮನೆಯವರನ್ನು ಕಾಡಿಬೇಡಿ ಹಳೆಯ ಗಿಟಾರ್ ಕೊಂಡ ವಿದ್ಯಾರ್ಥಿಗೆ ಇದು ಸಣ್ಣ ಮಾತಲ್ಲ. ಹೊಸದಕ್ಕೆ ಹಣವಿಲ್ಲ, ಹಳೆಯದನ್ನು ನುಡಿಸಲು ಮನಸ್ಸಿಲ್ಲ. ಕೊನೆಗೆ ಅಭ್ಯಾಸವೇ ನಿಂತುಹೋಗುತ್ತದೆ.

ಈ ಸದ್ದಿಗೆ ಫ್ರೆಟ್ ಬಝ್ ಎಂದು ಹೆಸರು. ಇದರ ಹೆಚ್ಚಿನ ಕಾರಣಗಳನ್ನು ಒಂದು ಸ್ಟೀಲ್ ಸ್ಕೇಲ್, ಕೆಲವು ಹಾಳೆ ಕಾಗದ, ಸರಿಯಾದ ಅಳತೆಯ ಅಲೆನ್ ಕೀ ಮತ್ತು ಸ್ವಲ್ಪ ತಾಳ್ಮೆ ಇದ್ದರೆ ನಾವೇ ಪತ್ತೆಹಚ್ಚಬಹುದು. ಅನೇಕ ಬಾರಿ ನಾವೇ ಸರಿಪಡಿಸಲೂಬಹುದು. ಪ್ರಥಮ ಪಿಯುಸಿ ಭೌತಶಾಸ್ತ್ರದಲ್ಲಿ ಓದುವ ತರಂಗಗಳ ಪಾಠ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಗಿಟಾರ್ ನುಡಿಸದವರೂ ಲೆಕ್ಕಕ್ಕಾಗಿ ಓದಬಹುದು.

ತಂತಿ ಏಕೆ ಝರಗುಡುತ್ತದೆ?

ಗಿಟಾರಿನ ಕತ್ತಿನ, ಅಂದರೆ ನೆಕ್‌ನ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳೇ ಫ್ರೆಟ್‌ಗಳು. ವೀಣೆಯ ಮೆಟ್ಟಿಲುಗಳು ಮಾಡುವ ಕೆಲಸವನ್ನೇ ಇವೂ ಮಾಡುತ್ತವೆ. ತಂತಿ ಒಂದು ತುದಿಯಲ್ಲಿ ನಟ್ ಎಂಬ ಸಣ್ಣ ಗೀರುಪಟ್ಟಿಯ ಮೇಲೆ, ಇನ್ನೊಂದು ತುದಿಯಲ್ಲಿ ಬ್ರಿಜ್‌ನ ಸ್ಯಾಡಲ್ ಮೇಲೆ ಕೂರುತ್ತದೆ. ಬೆರಳಿನಿಂದ ಒಂದು ಫ್ರೆಟ್‌ನ ಹಿಂದೆ ಒತ್ತಿದಾಗ ಆ ಫ್ರೆಟ್‌ನಿಂದ ಸ್ಯಾಡಲ್‌ವರೆಗಿನ ಭಾಗ ಮಾತ್ರ ಕಂಪಿಸುತ್ತದೆ. ಹೀಗೆ ಕಂಪಿಸುವಾಗ ತಂತಿ ಮುಂದಿನ ಯಾವುದಾದರೂ ಫ್ರೆಟ್‌ಗೆ ತಾಗಿದರೆ ‘ಝರ್’ ಸದ್ದು ಹುಟ್ಟುತ್ತದೆ. ಪ್ರತಿ ತಾಗುವಿಕೆಯಲ್ಲೂ ತಂತಿಯ ಶಕ್ತಿ ಒಂದಿಷ್ಟು ನಷ್ಟವಾಗುವುದರಿಂದ ಸ್ವರವೂ ಬೇಗ ಅಡಗುತ್ತದೆ.

ತಂತಿ ಮತ್ತು ಮುಂದಿನ ಫ್ರೆಟ್ ನಡುವೆ ಎಷ್ಟು ಜಾಗ ಇರುತ್ತದೆ? ಒಂದು ಲೆಕ್ಕ ಮಾಡೋಣ. ಫೆಂಡರ್ ಮಾದರಿಯ ಗಿಟಾರಿನಲ್ಲಿ ನಟ್‌ನಿಂದ ಸ್ಯಾಡಲ್‌ಗೆ 648 ಮಿ.ಮೀ. ಪ್ರತಿ ಫ್ರೆಟ್‌ನ ಸ್ಥಾನವನ್ನು ಉಳಿದ ಉದ್ದವನ್ನು 17.817ರಿಂದ ಭಾಗಿಸಿ ಕಂಡುಹಿಡಿಯುತ್ತಾರೆ. ಹಾಗೆ ಮಾಡಿದರೆ ಮೊದಲ ಫ್ರೆಟ್ ನಟ್‌ನಿಂದ 36.4 ಮಿ.ಮೀ., ಎರಡನೆಯದು 70.7 ಮಿ.ಮೀ., ಹನ್ನೆರಡನೆಯದು ಸರಿಯಾಗಿ ಮಧ್ಯದಲ್ಲಿ, 324 ಮಿ.ಮೀ. ದೂರದಲ್ಲಿ ಬರುತ್ತದೆ.

ಲೆಕ್ಕ ಸುಲಭವಾಗಲೆಂದು ನೆಕ್ ಪೂರ್ತಿ ನೇರವಾಗಿದೆ, ನಟ್‌ನಲ್ಲಿ ತಂತಿ ಫ್ರೆಟ್‌ಗಳ ಮಟ್ಟದಲ್ಲೇ ಇದೆ ಎಂದುಕೊಳ್ಳಿ. 12ನೇ ಫ್ರೆಟ್ ಮೇಲೆ ತಂತಿಯ ಎತ್ತರ 2 ಮಿ.ಮೀ. ಇದ್ದರೆ ಸ್ಯಾಡಲ್‌ನಲ್ಲಿ 4 ಮಿ.ಮೀ. ಇರುತ್ತದೆ. ಈಗ ಮೊದಲ ಫ್ರೆಟ್ ಒತ್ತಿ. ಅಲ್ಲಿಂದ ಸ್ಯಾಡಲ್‌ಗೆ 611.6 ಮಿ.ಮೀ. ದೂರ, ಅಷ್ಟರಲ್ಲಿ ತಂತಿ 4 ಮಿ.ಮೀ. ಏರುತ್ತದೆ. ಎರಡನೇ ಫ್ರೆಟ್ ಇರುವುದು 34.3 ಮಿ.ಮೀ. ಮುಂದೆ. ಸಮರೂಪ ತ್ರಿಭುಜಗಳ ನಿಯಮದಂತೆ ಅಲ್ಲಿ ತಂತಿಯ ಎತ್ತರ 34.3 × 4 ÷ 611.6, ಅಂದರೆ ಸುಮಾರು 0.22 ಮಿ.ಮೀ. ನಾವು ಬರೆಯುವ ಕಾಗದದ ಎರಡು ಹಾಳೆಗಳಷ್ಟು ದಪ್ಪ! ತಂತಿಯ ಎತ್ತರವನ್ನು 12ನೇ ಫ್ರೆಟ್ ಬಳಿ 1 ಮಿ.ಮೀ.ಗೆ ಇಳಿಸಿದರೆ ಈ ಜಾಗ ಒಂದೇ ಹಾಳೆಯಷ್ಟಾಗುತ್ತದೆ.

ಗಿಟಾರ್ ಇಷ್ಟು ಸಣ್ಣ ಅಂತರದ ಮೇಲೆ ನಿಂತಿರುವ ವಾದ್ಯ. ಮರ ಕೂದಲೆಳೆಯಷ್ಟು ಬಾಗಿದರೂ, ಒಂದು ಫ್ರೆಟ್ ಸ್ವಲ್ಪವೇ ಎದ್ದರೂ ಕಿವಿಗೆ ಗೊತ್ತಾಗುವುದು ಇದರಿಂದಲೇ.

ಇನ್ನೊಂದು ಅಂಶ ತಂತಿಯ ಬಿಗಿತ. ತಂತಿಯ ಆವೃತ್ತಿ ಬಿಗಿತದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ ಎಂದು ಓದಿದ್ದೇವೆ. ಹಾಡುವವರ ಗಂಟಲಿಗೆ ಹೊಂದಲೆಂದು ಎಲ್ಲ ತಂತಿಗಳನ್ನೂ ಎರಡು ಫ್ರೆಟ್‌ಗಳಷ್ಟು ಕೆಳಗೆ ಇಳಿಸಿದರೆ ಆವೃತ್ತಿ 0.89 ಪಟ್ಟಾಗುತ್ತದೆ. ಬಿಗಿತ ಅದರ ವರ್ಗ, ಅಂದರೆ 0.79 ಪಟ್ಟು. ಐದನೆಯ ಒಂದು ಭಾಗ ಬಿಗಿತ ಹೋಯಿತು! ಸಡಿಲವಾದ ತಂತಿ ಹೆಚ್ಚು ಅಗಲಕ್ಕೆ ಆಡುತ್ತದೆ, ಫ್ರೆಟ್‌ಗಳಿಗೆ ತಾಗುತ್ತದೆ. ಹಾಗಾಗಿ ಟ್ಯೂನಿಂಗ್ ಸರಿಯಿಲ್ಲದೆ ಯಾವ ಪರೀಕ್ಷೆಯನ್ನೂ ಮಾಡಬಾರದು.

ಕೊಡಗಿನ ಮಳೆ ಮತ್ತು ಗಿಟಾರಿನ ಮರ

ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ತಿಂಗಳುಗಳಲ್ಲಿ ಒಗೆದ ಬಟ್ಟೆ ವಾರವಾದರೂ ಒಣಗುವುದಿಲ್ಲ, ಪುಸ್ತಕದ ರಟ್ಟಿಗೆ ಬೂಸ್ಟು ಹಿಡಿಯುತ್ತದೆ, ಬಾಗಿಲು ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಬಾಗಿಲಿಗೆ ಆಗುವುದೇ ಗಿಟಾರಿನ ಮರಕ್ಕೂ ಆಗುತ್ತದೆ. ಮರ ಗಾಳಿಯ ತೇವವನ್ನು ಹೀರಿಕೊಂಡು ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಈ ಬದಲಾವಣೆ ಬಹಳ ಕಡಿಮೆ, ಅಡ್ಡಕ್ಕೆ ಹೆಚ್ಚು.

ನೆಕ್‌ನಲ್ಲಿ ಸಾಮಾನ್ಯವಾಗಿ ಎರಡು ಮರದ ತುಂಡುಗಳನ್ನು ಅಂಟಿಸಿರುತ್ತಾರೆ: ಹಿಂದೆ ಮೇಪಲ್ ಅಥವಾ ಮಹಾಗನಿ, ಮುಂದೆ ಫ್ರೆಟ್ ಕೂರಿಸುವ ಹಲಗೆ. ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ಆಗ ನೆಕ್ ಮುಂದಕ್ಕೋ ಹಿಂದಕ್ಕೋ ಬಾಗುತ್ತದೆ. ಯಾವ ಕಡೆಗೆ ಎಂಬುದು ಆಯಾ ಗಿಟಾರಿನ ಮರ ಮತ್ತು ಕಟ್ಟಡವನ್ನು ಅವಲಂಬಿಸಿದೆ. ‘ಮಳೆಗಾಲ ಬಂತು, ಆದ್ದರಿಂದ ಹೀಗೇ ತಿರುಗಿಸಬೇಕು’ ಎಂಬ ಸಿದ್ಧ ಉತ್ತರ ಇಲ್ಲ. ಅಳತೆ ಮಾಡಿಯೇ ತಿಳಿಯಬೇಕು.

ಆ ಮುಂದಿನ ಹಲಗೆಗೆ ಜಗತ್ತಿನ ಅನೇಕ ಗಿಟಾರ್‌ಗಳಲ್ಲಿ ಬಳಸುವ ಮರ ನಮಗೆ ಅಪರಿಚಿತವಲ್ಲ. ಕಾಫಿ ತೋಟಗಳ ನೆರಳಲ್ಲಿ ನಿಂತ ಬೀಟೆ ಮರವೇ ಅದು. ಸಸ್ಯಶಾಸ್ತ್ರದಲ್ಲಿ ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಡಿಯಲಾಗದ ಮರ. 2017ರಲ್ಲಿ ಡಾಲ್ಬರ್ಜಿಯಾ ಕುಲದ ಮರಗಳನ್ನೆಲ್ಲ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿಸಿದಾಗ ಗಿಟಾರ್ ಕಂಪನಿಗಳು ಬೇರೆ ಮರಗಳನ್ನು ಹುಡುಕಬೇಕಾಯಿತು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ದೂರದೇಶದ ವಾದ್ಯ ಎಂದು ನಾವು ಅಂದುಕೊಳ್ಳುವ ಗಿಟಾರಿನಲ್ಲಿ ನಮ್ಮ ಕಾಡಿನ ಅಂಶವೂ ಇರಬಹುದು.

ಇಲ್ಲಿ ಒಂದು ಎಚ್ಚರಿಕೆ. ದಫ್ ಬಾರಿಸುವವರು ಮಳೆಗಾಲದಲ್ಲಿ ಚರ್ಮ ಸಡಿಲವಾದರೆ ಬೆಂಕಿಯ ಬಳಿ ಹಿಡಿದು ಬಿಗಿ ಮಾಡಿಕೊಳ್ಳುತ್ತಾರೆ. ಚರ್ಮಕ್ಕೆ ಅದು ಸರಿ, ಗಿಟಾರಿಗೆ ಅಲ್ಲ. ಒಲೆಯ ಪಕ್ಕ, ಹೀಟರ್ ಎದುರು, ಹೇರ್ ಡ್ರೈಯರ್ ಕೆಳಗೆ ಗಿಟಾರ್ ಇಟ್ಟರೆ ಮರ ಒಂದು ಬದಿಯಲ್ಲಿ ಮಾತ್ರ ಬೇಗ ಒಣಗಿ ಸೀಳಬಹುದು, ಅಂಟು ಮೆದುವಾಗಬಹುದು.

ಮೊದಲು ಕೇಳಿ, ಆಮೇಲೆ ಮುಟ್ಟಿ

ಸ್ಕ್ರೂ ತಿರುಗಿಸುವ ಮೊದಲು ಈ ಐದು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಿ.

ಒಂದು: ಸದ್ದು ಆಂಪ್ಲಿಫೈಯರ್‌ನಲ್ಲಿ ಕೇಳುತ್ತದೆಯೇ? ಎಲೆಕ್ಟ್ರಿಕ್ ಗಿಟಾರಿನಲ್ಲಿ ಪಿಕಪ್‌ಗಳು ತಂತಿಯ ಕಂಪನವನ್ನು ಕಾಂತಕ್ಷೇತ್ರದ ಬದಲಾವಣೆಯಿಂದ ಗ್ರಹಿಸುತ್ತವೆ. ಫ್ರೆಟ್‌ಗೆ ತಾಗುವ ಸಣ್ಣ ಸದ್ದು ಬರಿಗಿವಿಗೆ ಕೇಳಿದರೂ ಅನೇಕ ಬಾರಿ ಆಂಪ್‌ನಲ್ಲಿ ಕೇಳುವುದೇ ಇಲ್ಲ. ಆಂಪ್‌ನಲ್ಲಿ ಸ್ವರ ಶುದ್ಧವಾಗಿದ್ದು, ಸಾಕಷ್ಟು ಹೊತ್ತು ನಿಲ್ಲುತ್ತಿದ್ದರೆ ಏನನ್ನೂ ಮುಟ್ಟಬೇಡಿ.

ಎರಡು: ಸದ್ದು ತಂತಿಯದೋ, ವಿದ್ಯುತ್ತಿನದೋ? ತಂತಿ ಮೀಟದಿದ್ದರೂ ಆಂಪ್ ‘ಗುಂಯ್’ ಎನ್ನುತ್ತಿದ್ದರೆ ಅದು ಫ್ರೆಟ್ ಬಝ್ ಅಲ್ಲ. ನಮ್ಮ ಮನೆಗಳ 50 ಹರ್ಟ್ಸ್ ವಿದ್ಯುತ್ ಪೂರೈಕೆಯಿಂದ ಬರುವ ಹಮ್. ತಂತಿ ಮುಟ್ಟಿದಾಗ ಅದು ಕಡಿಮೆಯಾದರೆ ಗಿಟಾರಿನೊಳಗಿನ ಶೀಲ್ಡಿಂಗ್, ಕೇಬಲ್, ಮನೆಯ ಅರ್ತಿಂಗ್ ಪರೀಕ್ಷಿಸಬೇಕು. ಅರ್ತಿಂಗ್ ಕೆಲಸಕ್ಕೆ ಎಲೆಕ್ಟ್ರಿಷಿಯನ್‌ರನ್ನೇ ಕರೆಯಿರಿ. ಗಿಟಾರ್ ಮುಟ್ಟಿದಾಗ ಜುಮ್ ಎಂದು ಶಾಕ್ ಬಂದರೆ ಕೂಡಲೇ ಪ್ಲಗ್ ತೆಗೆಯಿರಿ.

ಮೂರು: ತಂತಿ ಹೊಸದೇ? ತುಕ್ಕು ಹಿಡಿದ, ಕೊಳೆ ಕಟ್ಟಿದ ತಂತಿ ಒಂದೇ ಸಮನೆ ಕಂಪಿಸುವುದಿಲ್ಲ. ಮಳೆಗಾಲದಲ್ಲಿ ತಂತಿಗೆ ತುಕ್ಕು ಬೇಗ ಬರುತ್ತದೆ. ಬೆರಳಿಗೆ ಒರಟಾಗಿ ತಗುಲಿದರೆ ಬದಲಾಯಿಸಿ. ಮೊದಲಿದ್ದ ದಪ್ಪದ ತಂತಿಯನ್ನೇ ಹಾಕಿ. ತೆಳು ತಂತಿಗೆ ಬದಲಾಯಿಸಿದರೆ ಬಿಗಿತ ಕಡಿಮೆಯಾಗಿ ನೆಕ್‌ನ ಬಾಗೂ ಬದಲಾಗುತ್ತದೆ. ಬಝ್ ಅಲ್ಲಿಂದಲೇ ಶುರುವಾಗಬಹುದು.

ನಾಲ್ಕು: ಬೆರಳು ಎಲ್ಲಿದೆ? ಫ್ರೆಟ್‌ಗೆ ತೀರ ಹತ್ತಿರ, ಅದರ ಹಿಂಬದಿಯಲ್ಲಿ, ಅಂದರೆ ನಟ್ ಕಡೆಯಲ್ಲಿ ಒತ್ತಬೇಕು. ಎರಡು ಫ್ರೆಟ್‌ಗಳ ನಡುಮಧ್ಯೆ ಒತ್ತಿದರೆ ಒಳ್ಳೆಯ ಗಿಟಾರೂ ಝರಗುಡುತ್ತದೆ. ಅನುಭವ ಇರುವ ಒಬ್ಬರ ಕೈಗೆ ಕೊಟ್ಟು ನೋಡಿ. ಅವರ ಕೈಯಲ್ಲಿ ಸದ್ದು ಬರದಿದ್ದರೆ ಬೇಕಾಗಿರುವುದು ಅಭ್ಯಾಸ, ರಿಪೇರಿ ಅಲ್ಲ.

ಐದು: ಬೇರೆ ಏನಾದರೂ ಸಡಿಲವಾಗಿದೆಯೇ? ಟ್ಯೂನಿಂಗ್ ಕೀಲಿಯ ನಟ್, ಸ್ಯಾಡಲ್ ಸ್ಕ್ರೂ, ಪಿಕಪ್ ಸ್ಪ್ರಿಂಗ್, ಜ್ಯಾಕ್‌ನ ತಿರುಪು ಇವೆಲ್ಲ ಒಂದು ನಿರ್ದಿಷ್ಟ ಸ್ವರಕ್ಕೆ ಅನುರಣಿಸಿ ನಡುಗಬಹುದು. ಸದ್ದು ಬರುವಾಗ ಒಂದೊಂದನ್ನೇ ಬೆರಳಿನಿಂದ ಒತ್ತಿ ಹಿಡಿಯಿರಿ. ಯಾವುದನ್ನು ಹಿಡಿದಾಗ ಸದ್ದು ನಿಂತಿತೋ ಅದೇ ಕಾರಣ.

ಸದ್ದಿನ ಜಾಗವೇ ಸುಳಿವು

ಇಷ್ಟಾದ ಮೇಲೂ ಸದ್ದು ಉಳಿದರೆ ಒಂದು ಹಾಳೆಯಲ್ಲಿ ಆರು ಅಡ್ಡ ಗೆರೆ ಎಳೆದು, ಪ್ರತಿ ತಂತಿಯ ಪ್ರತಿ ಫ್ರೆಟ್ಟನ್ನೂ ಒಂದೇ ಬಲದಲ್ಲಿ ಮೀಟಿ, ಝರಗುಡುವ ಜಾಗಕ್ಕೆ ಗುರುತು ಹಾಕಿ. ಹತ್ತು ನಿಮಿಷದ ಕೆಲಸ. ವೈದ್ಯರು ನೋವು ಎಲ್ಲಿ ಎಂದು ಮೊದಲು ಕೇಳುವ ಹಾಗೆ ಇದು. ಗುರುತುಗಳನ್ನು ಹೀಗೆ ಓದಬೇಕು:

• ಬೆರಳು ಇಡದೆ ಮೀಟಿದಾಗ ಮಾತ್ರ ಸದ್ದು, ಒತ್ತಿದಾಗ ಇಲ್ಲ: ನಟ್‌ನ ಗೀರು ಆಳವಾಗಿದೆ.
• ತೆರೆದ ತಂತಿ ಮತ್ತು ಮೊದಲ ಐದಾರು ಫ್ರೆಟ್‌ಗಳಲ್ಲಿ ಸದ್ದು: ನೆಕ್ ಅತಿ ನೇರವಾಗಿದೆ ಅಥವಾ ಹಿಂದಕ್ಕೆ ಬಾಗಿದೆ.
• 12ನೇ ಫ್ರೆಟ್‌ನಿಂದ ಮೇಲಕ್ಕೆ ಸದ್ದು: ಸ್ಯಾಡಲ್ ತಗ್ಗಿದೆ, ಅಥವಾ ನೆಕ್ ಹೆಚ್ಚು ಬಾಗಿರುವುದನ್ನು ಮರೆಮಾಡಲು ಯಾರೋ ಸ್ಯಾಡಲ್ ಇಳಿಸಿದ್ದಾರೆ.
• ಎಲ್ಲ ಕಡೆಯೂ ಸದ್ದು: ತಂತಿಗಳ ಒಟ್ಟು ಎತ್ತರ ಕಡಿಮೆ.
• ಒಂದೆರಡು ಜಾಗದಲ್ಲಿ ಮಾತ್ರ ಸದ್ದು: ಅದರ ಮುಂದಿನ ಫ್ರೆಟ್ ಎದ್ದಿದೆ, ಅಥವಾ ಒತ್ತುವ ಫ್ರೆಟ್ ಸವೆದು ತಗ್ಗಾಗಿದೆ.

ಸರಿಪಡಿಸುವ ಕ್ರಮ

ಕ್ರಮ ಮುಖ್ಯ. ನೆಕ್‌ನ ಬಾಗು ಬದಲಾದರೆ ತಂತಿಯ ಎತ್ತರ ಬದಲಾಗುತ್ತದೆ. ಎತ್ತರ ಬದಲಾದರೆ ಸ್ವರದ ನಿಖರತೆ ಬದಲಾಗುತ್ತದೆ. ಆದ್ದರಿಂದ ಮೊದಲು ನೆಕ್, ನಂತರ ಸ್ಯಾಡಲ್, ನಂತರ ನಟ್ ಮತ್ತು ಫ್ರೆಟ್, ಕೊನೆಗೆ ಸ್ವರ. ಒಮ್ಮೆಗೆ ಒಂದನ್ನೇ ಬದಲಾಯಿಸಿ. ಪ್ರಯೋಗಾಲಯದಲ್ಲಿ ಒಂದು ಚರವನ್ನು ಬದಲಿಸಿ ಉಳಿದವನ್ನು ಸ್ಥಿರವಾಗಿಡುವ ನಿಯಮ ಇಲ್ಲೂ ಅದೇ. ಮುಟ್ಟುವ ಮೊದಲು ಈಗಿನ ಅಳತೆಗಳನ್ನು ಬರೆದಿಡಿ.

ಹಂತ 1: ನೆಕ್‌ನ ಬಾಗು. ಆರೂ ತಂತಿಗಳು ಸೇರಿ ನೆಕ್ಕನ್ನು ಎಳೆಯುವ ಬಲ ಸುಮಾರು 40 ಕೆ.ಜಿ. ಅಥವಾ ಅದಕ್ಕಿಂತ ಹೆಚ್ಚು ಭಾರದಷ್ಟು, 50 ಕೆ.ಜಿ.ಯ ಕಾಫಿ ಚೀಲಕ್ಕಿಂತ ತುಸು ಕಡಿಮೆ. ಈ ಎಳೆತಕ್ಕೆ ಎದುರಾಗಿ ನೆಕ್‌ನೊಳಗೆ ಉಕ್ಕಿನ ಸರಳೊಂದು ಇರುತ್ತದೆ. ಅದೇ ಟ್ರಸ್ ರಾಡ್. ಹೊಂದಿಸಬಹುದಾದ ಇಂಥ ಸರಳಿಗೆ ಗಿಬ್ಸನ್ ಕಂಪನಿ 1923ರಲ್ಲಿ ಪೇಟೆಂಟ್ ಪಡೆಯಿತು.

ಅಳೆಯುವುದು ಹೀಗೆ: ಗಿಟಾರನ್ನು ನುಡಿಸುವ ಭಂಗಿಯಲ್ಲಿ ಹಿಡಿದು ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ. ಈಗ ತಂತಿಯೇ ನೇರ ಸ್ಕೇಲ್. 7 ಅಥವಾ 8ನೇ ಫ್ರೆಟ್ ಮೇಲೆ ತಂತಿಗೂ ಫ್ರೆಟ್‌ಗೂ ನಡುವೆ ಸುಮಾರು 0.2ರಿಂದ 0.3 ಮಿ.ಮೀ. ಜಾಗ ಇರಬೇಕು. ತಂತಿ ಮಧ್ಯಭಾಗದಲ್ಲಿ ಹೆಚ್ಚು ಅಗಲಕ್ಕೆ ಆಡುವುದರಿಂದ ಈ ಸಣ್ಣ ಬಾಗನ್ನು ಬೇಕೆಂದೇ ಬಿಟ್ಟಿರುತ್ತಾರೆ.

ಇಷ್ಟು ಸಣ್ಣ ಅಂತರ ಅಳೆಯುವ ಉಪಕರಣ ಬೈಕ್ ಮೆಕ್ಯಾನಿಕ್ ಬಳಿ ಇರುತ್ತದೆ. ಟ್ಯಾಪೆಟ್ ಹೊಂದಿಸಲು ಅವರು ಬಳಸುವ ಫೀಲರ್ ಗೇಜ್ ಇಲ್ಲಿಗೂ ಸರಿ. ಅದು ಸಿಗದಿದ್ದರೆ ಕಾಗದ. 500 ಹಾಳೆಗಳ ಕಟ್ಟಿನ ದಪ್ಪವನ್ನು ಅಳೆದು 500ರಿಂದ ಭಾಗಿಸಿ, 5 ಸೆಂ.ಮೀ. ಬಂದರೆ ಒಂದು ಹಾಳೆ 0.1 ಮಿ.ಮೀ. ಎರಡು ಹಾಳೆ ಸಲೀಸಾಗಿ ತೂರಿ, ಮೂರು ಹಾಳೆ ಬಿಗಿಯಾದರೆ ನೆಕ್ ಸರಿಯಿದೆ.

ಜಾಗವೇ ಇಲ್ಲದಿದ್ದರೆ ಟ್ರಸ್ ರಾಡ್ ಸಡಿಲಿಸಬೇಕು: ಕೀ ಹಾಕುವ ತುದಿಯನ್ನು ಎದುರಿನಿಂದ ನೋಡುತ್ತ ಎಡಕ್ಕೆ, ಗಡಿಯಾರದ ವಿರುದ್ಧ ದಿಕ್ಕಿಗೆ. ಜಾಗ ಹೆಚ್ಚಿದ್ದರೆ ಬಿಗಿ ಮಾಡಬೇಕು: ಬಲಕ್ಕೆ. ಬಿಗಿ ಮಾಡುವ ಮೊದಲು ತಂತಿಗಳನ್ನು ಸ್ವಲ್ಪ ಸಡಿಲಿಸಿ. ಒಂದು ಸಲಕ್ಕೆ ಒಂದು ಸುತ್ತಿನ ಎಂಟನೆಯ ಒಂದು ಭಾಗ, ಹೆಚ್ಚೆಂದರೆ ಕಾಲು ಸುತ್ತು. ಮತ್ತೆ ಟ್ಯೂನ್ ಮಾಡಿ, ಮತ್ತೆ ಅಳೆಯಿರಿ. ಮರ ನಿಧಾನವಾಗಿ ಕೂರುವುದರಿಂದ ಮರುದಿನ ಇನ್ನೊಮ್ಮೆ ನೋಡಿ. ಸಡಿಲವಾಗಿ ಕೂರುವ ಕೀ ಬಳಸಬೇಡಿ, ಅಂಚುಗಳು ಸವೆಯುತ್ತವೆ. ತಿರುಗಲು ಹಟ ಹಿಡಿದರೆ ಬಲ ಹಾಕಬೇಡಿ. ಸರಳು ಮುರಿದರೆ ರಿಪೇರಿಯ ಖರ್ಚು ಗಿಟಾರಿನ ಬೆಲೆಯನ್ನೇ ಮೀರಬಹುದು.

ಹಂತ 2: ತಂತಿಯ ಎತ್ತರ. 12ನೇ ಫ್ರೆಟ್ ಮೇಲೆ, ಫ್ರೆಟ್‌ನ ತಲೆಯಿಂದ ತಂತಿಯ ಕೆಳ ಅಂಚಿಗೆ ಸ್ಟೀಲ್ ಸ್ಕೇಲಿನಿಂದ ಅಳೆಯಿರಿ. ಸ್ಕೇಲಿನ ಸೊನ್ನೆ ಅಂಚಿನಿಂದಲೇ ಶುರುವಾಗುತ್ತದೆಯೇ ನೋಡಿಕೊಳ್ಳಿ. ತೆಳು ತಂತಿಗೆ ಸುಮಾರು 1.5 ಮಿ.ಮೀ., ದಪ್ಪ ತಂತಿಗೆ ಸುಮಾರು 2 ಮಿ.ಮೀ. ಒಳ್ಳೆಯ ಆರಂಭ. ಕಡಿಮೆ ಇದ್ದರೆ ಸ್ಯಾಡಲ್‌ನ ಸಣ್ಣ ಸ್ಕ್ರೂಗಳನ್ನು ತಿರುಗಿಸಿ ಎತ್ತರಿಸಿ. 12ನೇ ಫ್ರೆಟ್ ತಂತಿಯ ನಡುಮಧ್ಯೆ ಇರುವುದರಿಂದ ಸ್ಯಾಡಲ್ 1 ಮಿ.ಮೀ. ಏರಿದರೆ ಅಲ್ಲಿ ಏರುವುದು 0.5 ಮಿ.ಮೀ. ಮಾತ್ರ. ಈ ಲೆಕ್ಕ ನೆನಪಿಟ್ಟರೆ ಎಷ್ಟು ಸುತ್ತು ಬೇಕೆಂದು ಊಹಿಸಬೇಕಾಗಿಲ್ಲ.

ಸದ್ದು ಹೋಗಲಿ ಎಂದು ಸಿಕ್ಕಾಪಟ್ಟೆ ಎತ್ತರಿಸಬೇಡಿ. ತಂತಿ ಎತ್ತರವಾದಷ್ಟೂ ಒತ್ತಲು ಬಲ ಹೆಚ್ಚು ಬೇಕು, ಬೆರಳ ತುದಿ ನೋಯುತ್ತದೆ, ಒತ್ತಿದ ಸ್ವರ ಮೇಲಕ್ಕೆ ಜಾರುತ್ತದೆ. ಹೊಸಬರು ಗಿಟಾರ್ ಬಿಡಲು ಇದೂ ಒಂದು ಕಾರಣ. ಆಂಪ್‌ನಲ್ಲಿ ಶುದ್ಧವಾಗಿ ಕೇಳುವಷ್ಟು ಎತ್ತರ, ಕೈಗೆ ನೋವಾಗದಷ್ಟು ತಗ್ಗು: ಇವೆರಡರ ನಡುವೆ ನಿಮ್ಮ ಅಳತೆ ಸಿಗುತ್ತದೆ.

ಹಂತ 3: ನಟ್. ತಂತಿಯನ್ನು 3ನೇ ಫ್ರೆಟ್‌ನಲ್ಲಿ ಒತ್ತಿ ಹಿಡಿದು ಮೊದಲ ಫ್ರೆಟ್ ಮೇಲಿನ ಜಾಗ ನೋಡಿ. ಕೂದಲೆಳೆಯಷ್ಟಾದರೂ ಬೆಳಕು ಕಾಣಬೇಕು. ತಂತಿ ಫ್ರೆಟ್ ಮೇಲೇ ಕೂತಿದ್ದು, ತೆರೆದ ತಂತಿಯೂ ಝರಗುಡುತ್ತಿದ್ದರೆ ಆ ಗೀರು ಆಳವಾಗಿದೆ. ಶಾಶ್ವತ ಪರಿಹಾರ ಹೊಸ ನಟ್. ತಾತ್ಕಾಲಿಕವಾಗಿ ಗೀರಿನಲ್ಲಿ ಚಿಟಿಕೆ ಅಡುಗೆ ಸೋಡಾ ತುಂಬಿ ಒಂದು ಹನಿ ಸೂಪರ್ ಗ್ಲೂ ಬಿಟ್ಟರೆ ಗಟ್ಟಿಯಾಗುತ್ತದೆ. ನಂತರ ಸಣ್ಣ ಅರದಿಂದ ಸ್ವಲ್ಪ ಸ್ವಲ್ಪವೇ ಗೀರು ಮಾಡಬಹುದು. ಕಿಟಕಿ ತೆರೆದಿಟ್ಟು, ಆ ಹೊಗೆ ಕಣ್ಣಿಗೆ ಬೀಳದಂತೆ, ಸುತ್ತಲಿನ ಮರಕ್ಕೆ ಟೇಪ್ ಅಂಟಿಸಿ ಈ ಕೆಲಸ ಮಾಡಿ.

ಹಂತ 4: ಎದ್ದ ಫ್ರೆಟ್. ನೇರ ಅಂಚಿನ ಸಣ್ಣ ತುಂಡೊಂದನ್ನು ಸರಿಯಾಗಿ ಮೂರು ಫ್ರೆಟ್‌ಗಳ ಮೇಲೆ ನಿಲ್ಲಿಸಿ ಅಲ್ಲಾಡಿಸಿ. ತಕ್ಕಡಿಯಂತೆ ಆಡಿದರೆ ನಡುವಿನ ಫ್ರೆಟ್ ಎತ್ತರವಾಗಿದೆ. ಅವಧಿ ಮುಗಿದ ಎಟಿಎಂ ಕಾರ್ಡ್ ಇದ್ದರೆ ಸಾಕು: ಅದರ ಉದ್ದದ ಅಂಚು ನಟ್ ಹತ್ತಿರದ ಫ್ರೆಟ್‌ಗಳಿಗೆ, ಚಿಕ್ಕ ಅಂಚು ನಡುವಿನ ಫ್ರೆಟ್‌ಗಳಿಗೆ ಹೊಂದುತ್ತದೆ, ಇನ್ನೂ ಮೇಲಿನವಕ್ಕೆ ಕತ್ತರಿಸಿಕೊಳ್ಳಿ. ಫ್ರೆಟ್‌ನ ತುದಿ ಮರದಿಂದ ಎದ್ದಿದ್ದರೆ ಮರದ ತುಂಡು ಅಡ್ಡ ಇಟ್ಟು ಮೆಲ್ಲಗೆ ತಟ್ಟಿದಾಗ ಕೂರಬಹುದು. ಕೂರದಿದ್ದರೆ ಅಲ್ಲಿಗೆ ನಿಲ್ಲಿಸಿ. ಫ್ರೆಟ್ ಉಜ್ಜಿ ಸಮ ಮಾಡುವುದು ಅನುಭವಿಗಳ ಕೆಲಸ. ಸಾಮಾನ್ಯ ಫ್ರೆಟ್ ‘ನಿಕಲ್ ಸಿಲ್ವರ್’ ಲೋಹದ್ದು. ಹೆಸರಿನಲ್ಲಿ ಬೆಳ್ಳಿ ಇದ್ದರೂ ಅದರಲ್ಲಿರುವುದು ತಾಮ್ರ, ನಿಕಲ್ ಮತ್ತು ಸತು. ಒಮ್ಮೆ ಉಜ್ಜಿ ತೆಗೆದ ಲೋಹ ಮತ್ತೆ ಬರುವುದಿಲ್ಲ.

ಹಂತ 5: ಸ್ವರದ ನಿಖರತೆ. 12ನೇ ಫ್ರೆಟ್ ಮೇಲೆ ಬೆರಳನ್ನು ಸುಮ್ಮನೆ ತಾಗಿಸಿ ಮೀಟಿದಾಗ ಬರುವ ಸ್ವರಕ್ಕೂ, ಅದೇ ಫ್ರೆಟ್ಟನ್ನು ಒತ್ತಿ ಮೀಟಿದಾಗಿನ ಸ್ವರಕ್ಕೂ ಟ್ಯೂನರ್‌ನಲ್ಲಿ ವ್ಯತ್ಯಾಸ ಇರಬಾರದು. ಒತ್ತಿದ ಸ್ವರ ಮೇಲಿದ್ದರೆ ಸ್ಯಾಡಲನ್ನು ಹಿಂದಕ್ಕೆ ಸರಿಸಿ ತಂತಿಯ ಉದ್ದ ಹೆಚ್ಚಿಸಿ, ಕೆಳಗಿದ್ದರೆ ಮುಂದಕ್ಕೆ.

ಝರ್ ಮತ್ತು ಝೇಂಕಾರ

ಗಿಟಾರಿನಲ್ಲಿ ನಾವು ಓಡಿಸುವ ಸದ್ದನ್ನು ತಂಬೂರಿಯಲ್ಲಿ ಬೇಕೆಂದೇ ಕರೆಯುತ್ತೇವೆ. ತಂಬೂರಿಯ ಕುದುರೆ ಚಪ್ಪಟೆಯಾಗಿ ಸ್ವಲ್ಪ ಬಾಗಿರುತ್ತದೆ. ತಂತಿಯ ಕೆಳಗೆ ಒಂದು ನೂಲಿನ ಎಳೆ ಸೇರಿಸಿ ಸರಿಯಾದ ಜಾಗಕ್ಕೆ ಸರಿಸಿದರೆ ತಂತಿ ಕುದುರೆಯನ್ನು ಮುಟ್ಟಿ ಮುಟ್ಟಿ ಬಿಡುತ್ತ ಝೇಂಕಾರ ಹುಟ್ಟಿಸುತ್ತದೆ. ಸರ್ ಸಿ.ವಿ. ರಾಮನ್ 1921ರಲ್ಲಿ, ನೊಬೆಲ್ ಬಹುಮಾನಕ್ಕೆ ಒಂಬತ್ತು ವರ್ಷ ಮೊದಲು, ತಂಬೂರಿ ಮತ್ತು ವೀಣೆಯ ಕುದುರೆಗಳ ಬಗ್ಗೆ ಪ್ರಬಂಧ ಬರೆದರು. ಮೀಟಿದ ಜಾಗದ ಪ್ರಕಾರ ಕೇಳಬಾರದ ಮೇಲ್ಸ್ವರಗಳೂ ಈ ವಾದ್ಯಗಳಲ್ಲಿ ಕೇಳುತ್ತವೆ ಎಂದು ತೋರಿಸಿ, ಅದರ ಕಾರಣವನ್ನು ಆ ಕುದುರೆಯ ಆಕಾರದಲ್ಲಿ ಗುರುತಿಸಿದರು. ತಾಗುವಿಕೆ ಒಂದೇ, ಹತೋಟಿಯಲ್ಲಿದ್ದರೆ ನಾದ, ಹತೋಟಿ ತಪ್ಪಿದರೆ ಗದ್ದಲ.

ಸ್ವರಕ್ಕೆ ತಂತಿಯ ಮೇಲೆ ಸರಿಯಾದ ಜಾಗ ಯಾವುದು ಎಂಬ ಪ್ರಶ್ನೆ ಇನ್ನೂ ಹಳೆಯದು. ಊದ್ ಎಂಬ ಅರಬಿ ಪದದ ಅರ್ಥ ಮರ, ಕಟ್ಟಿಗೆ. ಈದ್ ದಿನ ಹಚ್ಚುವ ಊದ್ ಅತ್ತರಿಗೂ ಊದ್ ಎಂಬ ತಂತಿವಾದ್ಯಕ್ಕೂ ಹೆಸರು ಬಂದದ್ದು ಅದರಿಂದಲೇ. ಯುರೋಪಿನ ಲೂಟ್ ವಾದ್ಯದ ಹೆಸರು ‘ಅಲ್ ಊದ್’ನಿಂದ ಹುಟ್ಟಿದ್ದು. 10ನೇ ಶತಮಾನದ ತತ್ತ್ವಜ್ಞಾನಿ ಅಲ್ ಫಾರಾಬಿ ‘ಕಿತಾಬುಲ್ ಮೂಸೀಖಲ್ ಕಬೀರ್’ ಎಂಬ ದೊಡ್ಡ ಗ್ರಂಥದಲ್ಲಿ ಊದ್‌ನ ಕತ್ತಿನ ಮೇಲೆ ಫ್ರೆಟ್‌ಗಳು ಯಾವ ಅನುಪಾತದಲ್ಲಿ ಕೂರಬೇಕೆಂದು ಚರ್ಚಿಸಿದ್ದಾರೆ. 17.817 ಎಂಬ ಸಂಖ್ಯೆಯ ಹಿಂದೆ ಇಷ್ಟು ದೀರ್ಘ ಚರಿತ್ರೆ ಇದೆ.

ಮಳೆಗಾಲದ ಆರೈಕೆ

ಗಿಟಾರನ್ನು ಹೊರಗೋಡೆಗೆ ಒರಗಿಸಬೇಡಿ. ನಮ್ಮ ಮನೆಗಳಲ್ಲಿ ತೇವ ಹೆಚ್ಚು ಏರುವುದು ಆ ಗೋಡೆಗಳಲ್ಲೇ. ಗಟ್ಟಿ ಕೇಸ್ ಅಥವಾ ದಪ್ಪ ಚೀಲದಲ್ಲಿಟ್ಟು ಶೂ ಪೆಟ್ಟಿಗೆಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿ, ಆಗಾಗ ಬದಲಾಯಿಸಿ. ನುಡಿಸಿದ ಮೇಲೆ ಪ್ರತಿ ತಂತಿಯನ್ನೂ ಒಣ ಹತ್ತಿ ಬಟ್ಟೆಯಿಂದ ಒರೆಸಿ. ಬೇಸಿಗೆಯಲ್ಲಿ ಮರ ಕುಗ್ಗಿ ಫ್ರೆಟ್‌ನ ತುದಿಗಳು ಬದಿಯಲ್ಲಿ ಚೂಪಾಗಿ ಕೈಗೆ ತಗುಲಬಹುದು. ಅದು ಹೊಸ ದೋಷವಲ್ಲ, ಋತುವಿನ ಗುರುತು. ಮಳೆ ಶುರುವಾದ ಒಂದು ತಿಂಗಳಿಗೆ ಒಮ್ಮೆ, ಜನವರಿಯಲ್ಲಿ ಒಮ್ಮೆ ನೆಕ್‌ನ ಬಾಗು ಮತ್ತು ತಂತಿಯ ಎತ್ತರ ಅಳೆದು ನೋಟ್‌ಬುಕ್‌ನಲ್ಲಿ ದಿನಾಂಕದೊಂದಿಗೆ ಬರೆಯಿರಿ. ಎರಡು ವರ್ಷ ಬರೆದರೆ ನಿಮ್ಮ ಗಿಟಾರ್ ಯಾವ ತಿಂಗಳಲ್ಲಿ ಯಾವ ಕಡೆಗೆ ಬಾಗುತ್ತದೆ ಎಂದು ನಿಮಗೇ ತಿಳಿಯುತ್ತದೆ. ಒಂದೇ ಮಾದರಿಯ ಗಿಟಾರ್ ಮಡಿಕೇರಿಯಲ್ಲೂ ಮಳೆ ಕಡಿಮೆ ಇರುವ ಕುಶಾಲನಗರದಲ್ಲೂ ಇದ್ದರೆ ಇಬ್ಬರು ಗೆಳೆಯರು ಅಳತೆ ಹೋಲಿಸಬಹುದು. ವಿಜ್ಞಾನ ವಸ್ತುಪ್ರದರ್ಶನಕ್ಕೆ ಒಳ್ಳೆಯ ವಿಷಯ.

ಟ್ರಸ್ ರಾಡ್ ತಿರುಗದಿದ್ದರೆ, ನೆಕ್ ಹಗ್ಗದಂತೆ ತಿರುಚಿಕೊಂಡಿದ್ದರೆ, ಹಲವು ಫ್ರೆಟ್‌ಗಳು ಸವೆದು ಹಳ್ಳ ಬಿದ್ದಿದ್ದರೆ ನುರಿತ ರಿಪೇರಿಗಾರರ ಬಳಿ ಒಯ್ಯಿರಿ. ಹೋಗುವಾಗ ನೀವು ಗುರುತು ಹಾಕಿದ ಹಾಳೆ ಮತ್ತು ಅಳತೆಗಳನ್ನೂ ಕೊಂಡೊಯ್ಯಿರಿ. ‘ಗಿಟಾರ್ ಸರಿಯಿಲ್ಲ’ ಎನ್ನುವ ಬದಲು ‘ಎರಡನೇ ತಂತಿ, ಏಳನೇ ಫ್ರೆಟ್, ಬಾಗು 0.2, ಎತ್ತರ 1.6’ ಎಂದರೆ ಅವರ ಸಮಯ ಉಳಿಯುತ್ತದೆ, ನಿಮ್ಮ ಹಣವೂ ಉಳಿಯುತ್ತದೆ. ಹಳೆಯ ಗಿಟಾರ್ ಕೊಳ್ಳುವವರು ಇದೇ ಪರೀಕ್ಷೆಯನ್ನು ಕೊಳ್ಳುವ ಮೊದಲೇ ಮಾಡಲಿ. ಬಝ್ ಇದ್ದ ಮಾತ್ರಕ್ಕೆ ಗಿಟಾರ್ ಬಿಡಬೇಕಾಗಿಲ್ಲ. ಟ್ರಸ್ ರಾಡ್ ತಿರುಗದ ಗಿಟಾರನ್ನು ಮಾತ್ರ ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ.